ಮಹಾಂತಮ್ಮನ ಮಿರ್ಚಿ ಬಯಕೆ

ಹೊಟ್ಟೆಯೊಳಗಿನ ಕೂಸಿಗೆ ಬಿಸಿ ತಟ್ಟುತ್ತಿದೆಯೋ ಏನೋ ಎಂಬುದೊಂದೇ ಮಹಾಂತಮ್ಮನ ಚಿಂತೆ. ಉಂಡು ಎದ್ದ ಸ್ವಲ್ಪ ಹೊತ್ತಿಗೆಲ್ಲ ಎದೆಗೂಡಿನ ನಡುವೆ ಯಾರೋ ಕೂತು ಇದ್ದಿಲೊಲೆ ಊದಿದಂತಾಗುತ್ತಿತ್ತು. ಆ ಉರಿ ಮೆಲ್ಲಗೆ ಗಂಟಲಿಗೆ ಏರುತ್ತಿತ್ತು, ಹುಳಿನೀರು ಬಾಯಿಗೆ ಬರುತ್ತಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಎದೆಯಲ್ಲೇ ಇಷ್ಟು ಬೆಂಕಿ ಇದ್ದರೆ ಒಂದು ಗೇಣು ಕೆಳಗೆ ಮಲಗಿರುವ ಕೂಸಿನ ಗತಿ ಏನು? ಅದರ ತೊಗಲು ಎಷ್ಟು ತೆಳುವೋ! ಕೂಸು ಒದ್ದರೆ, ಸುಟ್ಟು ಒದ್ದಿತೇ ಎಂದು ಹೆದರುವಳು. ಒದೆಯದೆ ಸುಮ್ಮನಿದ್ದರೆ ಇನ್ನೂ ಹೆದರುವಳು.

ಹೆದರುವುದು ಅವಳಿಗೆ ಹೊಸದೇನಲ್ಲ. ಬಳ್ಳಾರಿಯ ವಕೀಲರ ಮಗಳು, ಹೈಸ್ಕೂಲು ಮುಗಿಸಿದವಳು. ಶಾಲೆಯಲ್ಲಿ ಸೊಳ್ಳೆಯ ಪಾಠ ಆದ ದಿನ ಮನೆಗೆ ಬಂದು ನೀರು ತುಂಬಿದ ಕೊಡಗಳನ್ನೆಲ್ಲ ಬೋರಲು ಹಾಕಿ ಮನೆಮಂದಿಯನ್ನು ಬಾಯಾರಿಸಿದ್ದಳು. ಮದುವೆಯಾಗಿ ಆದೋನಿಗೆ ಬರುವಾಗ ಆ ಆರೋಗ್ಯಶಾಸ್ತ್ರದ ಪುಸ್ತಕವನ್ನು ರೇಷ್ಮೆ ಸೀರೆಗಳ ಕೆಳಗಿಟ್ಟು ತಂದಿದ್ದಳು. ಈಗ ಅದನ್ನು ತೆಗೆದು ಓದಿದರೆ ಹಲ್ಲಿನ ಬಗ್ಗೆ ಇತ್ತು, ಚರಂಡಿಯ ಬಗ್ಗೆ ಇತ್ತು, ಕಾಲರಾ ಬಗ್ಗೆ ಬೇಕಾದಷ್ಟಿತ್ತು. ಎದೆಯುರಿಯ ಬಗ್ಗೆ ಒಂದು ಸಾಲಿರಲಿಲ್ಲ. ಬಸಿರಿನ ಸುದ್ದಿಯಂತೂ ಕೇಳುವುದೇ ಬೇಡ. ಆ ಪುಸ್ತಕ ಬರೆದವರ ಪ್ರಕಾರ ಮನುಷ್ಯರು ಹುಟ್ಟುವುದೇ ಇಲ್ಲ, ನೇರವಾಗಿ ಹಲ್ಲುಜ್ಜಲು ನಿಲ್ಲುತ್ತಾರೆ.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಆದರೂ ಅವಳ ಮಾವ ಮರಿಬಸಪ್ಪನವರ ಮನೆಯಲ್ಲಿ ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ಹೊಳಗುಂದದ ಕಡೆಯ ಹೊಲದಿಂದ ಜೋಳ, ಶೇಂಗಾ ಬರುತ್ತಿತ್ತು. ಊರಲ್ಲಿ ಹತ್ತಿಯ ದಲಾಲಿ ಮಂಡಿ ಇತ್ತು. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಅಂಗಳ. ಮಂಡಿಯ ಗಾದಿಯ ಮೇಲೆ ಮಾವ ಕೂರುವರು, ಗಂಡ ಚಂದ್ರಣ್ಣ ಮಾಲು ನೋಡಿಕೊಳ್ಳುವನು. ಅಂಗಳದಿಂದ ಹಿಂದಿನದೆಲ್ಲ ಅತ್ತೆ ಗುರುಬಸಮ್ಮನ ರಾಜ್ಯ. ಗುರುಬಸಮ್ಮನದು ಜೋರು ದನಿ, ಧಾರಾಳದ ಕೈ. ಸೊಸೆ ಎಂದರೆ ಅವಳಿಗೆ ಪ್ರಾಣ. ಮಹಾಂತಮ್ಮನ ಎದೆಯುರಿಯ ಮೂಲ ಇದ್ದದ್ದೂ ಆ ಪ್ರೀತಿಯಲ್ಲೇ.

ಅದು ಹೀಗಾಯಿತು. ಐದನೆಯ ತಿಂಗಳಲ್ಲಿ ಅವಳಿಗೆ ಕಳ್ಳ ಕುಬಸ ಮಾಡಿದರು. ಬಂಧುಬಳಗವನ್ನೆಲ್ಲ ಕರೆದು ಮಾಡುವ ದೊಡ್ಡ ಕುಬಸ ಏಳನೆಯ ತಿಂಗಳಲ್ಲಿ. ಅದಕ್ಕೆ ಮೊದಲು ಓಣಿಯ ಐದು ಜನ ಮುತ್ತೈದೆಯರನ್ನಷ್ಟೇ ಕೂಡಿಸಿ, ಬಾಗಿಲು ಮುಂದೆ ಮಾಡಿ, ಬಸುರಿಗೆ ಹಸಿರು ಕುಬಸ, ಅಂದರೆ ರವಿಕೆ, ತೊಡಿಸುವುದು ವಾಡಿಕೆ. ಕಳ್ಳ ಎಂದು ಹೆಸರೇ ಹೊರತು ಓಣಿಗೆಲ್ಲ ಗೊತ್ತಿರುತ್ತದೆ. ಅರಿಷಿಣ ಹಚ್ಚಿ ಉಡಿ ತುಂಬಿದ ಮೇಲೆ ಪಕ್ಕದ ಮನೆಯ ಶಾಂತಕ್ಕ ಕೇಳಿದಳು:

“ಹೇಳವ್ವ ಮಾಂತಮ್ಮ, ಏನು ಬಯಕಿ ಐತಿ?”

ಮಹಾಂತಮ್ಮನಿಗೆ ಇದ್ದದ್ದು ವಾಕರಿಕೆ. ಬಯಕೆ ಇರಲಿಲ್ಲ. “ಏನಿಲ್ರಿ ಅಕ್ಕ” ಎಂದಳು.

“ಏನಿಲ್ಲ ಅಂದ್ರ ಹೆಂಗ? ಬಯಕಿ ಇಲ್ಲದ ಬಸುರು ಎಲ್ಯಾರ ಐತೇನು? ಬಳ್ಳಾರ್ಯಾಗ ಕಲಿತಾಕಿ ಅಂತ ಬಿಂಕ ಮಾಡಬ್ಯಾಡ, ಬಾಯಿ ಬಿಡು.”

ಐದು ಮುಖ ಅವಳ ತುಟಿಯನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಕಿಟಕಿಯಿಂದ ಕಾದ ಶೇಂಗಾ ಎಣ್ಣೆಯ ವಾಸನೆ ಬಂತು. ಓಣಿಯ ಮೂಲೆಯಲ್ಲಿ ಉಚ್ಚಮ್ಮ ದಿನಾ ಸಂಜೆ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಜನ ಅದಕ್ಕೆ ಮಿರ್ಚಿ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದವಳು ಪಕ್ಕದವಳ ಹಾಳೆ ನೋಡಿ ಬರೆದಂತೆ ಮಹಾಂತಮ್ಮ, “ಮಿರ್ಚಿ” ಎಂದುಬಿಟ್ಟಳು.

“ಕೇಳಿದ್ರೇನು!” ಗುರುಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಸೊಸಿ ಬಾಯಿಬಿಟ್ಟು ಕೇಳ್ಯಾಳ. ಇನ್ನ ಆಕಿ ಹಡಿಯೋ ತನಕ ಒಂದು ದಿನಾನೂ ತಪ್ಪಬಾರದು.”

ಆ ಕಣ್ಣೀರಿಗೆ ಕಾರಣವಿತ್ತು. ಚಂದ್ರಣ್ಣ ಹೊಟ್ಟೆಯಲ್ಲಿದ್ದಾಗ ಗುರುಬಸಮ್ಮನಿಗೆ ಕೊಬ್ಬರಿ ಬೆಲ್ಲದ ಬಯಕೆಯಾಗಿತ್ತು. ಆಗಿನ ಅತ್ತೆ ಕೊಬ್ಬರಿಯನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ತಾಯಿಯ ಬಯಕೆ ತೀರದಿದ್ದರೆ ಕೂಸಿನ ಕಿವಿ ಸೋರುತ್ತದೆ ಎನ್ನುತ್ತಾರೆ. ಚಂದ್ರಣ್ಣನ ಎಡಗಿವಿ ಚಿಕ್ಕಂದಿನಿಂದಲೂ ಸೋರುತ್ತಿತ್ತು. ಅವನು ಅದರಲ್ಲಿ ಸದಾ ಹತ್ತಿ ಇಟ್ಟುಕೊಂಡಿರುತ್ತಿದ್ದ. ಮಾಲು ತಂದ ರೈತರು, “ಸಣ್ಣ ಧಣಿ ಸ್ಯಾಂಪಲ್ ಕಿವಿಯಾಗ ಇಟ್ಕೊಂಡಾನ ನೋಡ್ರಿ” ಎಂದು ನಗುತ್ತಿದ್ದರು. ಅವರು ನಕ್ಕಾಗಲೆಲ್ಲ ಗುರುಬಸಮ್ಮನಿಗೆ ಆ ಬೀಗ ಕಣ್ಣ ಮುಂದೆ ಬರುತ್ತಿತ್ತು. ತನ್ನ ಮೊಮ್ಮಗುವಿಗೆ ಮಾತ್ರ ಹಾಗಾಗಬಾರದು ಎಂದು ಅವಳು ಅಂದೇ ಹಟ ತೊಟ್ಟಿದ್ದಳು.

ಮರುದಿನದಿಂದ ಮಿರ್ಚಿಯ ಮಳೆ ಸುರಿಯಿತು. ಉಚ್ಚಮ್ಮ ಬಸುರಿಗೆಂದು ಖಾರದ ಕಾಯಿಯನ್ನೇ ಆರಿಸಿ, ಹೊಟ್ಟೆ ಸೀಳಿ ಹುಣಸೆಹುಳಿ ತುಂಬಿ, ಮೊದಲ ಒಬ್ಬೆ ಇಲ್ಲಿಗೇ ಕಳಿಸುತ್ತಿದ್ದಳು. ಶಾಂತಕ್ಕ ಉಗ್ಗಾಣಿ ಮಾಡಿ, ಒಗ್ಗರಣೆ ಹಾಕಿದ ಆ ಮಂಡಕ್ಕಿಯ ಮೇಲೆ ನಾಲ್ಕು ಮಿರ್ಚಿ ನಿಲ್ಲಿಸಿ ತರುತ್ತಿದ್ದಳು. ಒಬ್ಬರು ತಂದರೆಂದು ಇನ್ನೊಬ್ಬರು, ಇನ್ನೊಬ್ಬರು ತಂದರೆಂದು ಮತ್ತೊಬ್ಬರು. ಗುರುಬಸಮ್ಮ ಎದುರಿಗೆ ಕೂತು, ಬೀಸಣಿಕೆ ಆಡಿಸುತ್ತ, ಒಂದೊಂದು ತುತ್ತನ್ನೂ ತಾನೇ ತಿಂದಷ್ಟು ಸಂತೋಷದಿಂದ ನೋಡುವಳು. ಆ ಮುಖ ನೋಡಿ ಬೇಡ ಎನ್ನಲು ಯಾರಿಗೆ ಮನಸ್ಸು ಬಂದೀತು?

ಎದೆಯುರಿಯನ್ನು ಅವಳು ಮುಚ್ಚಿಡಲಿಲ್ಲ. ಹೇಳಿದಳು. ಹೇಳಿದ್ದೇ ತಪ್ಪಾಯಿತು.

“ಎದಿ ಉರೀತೈತಾ?” ಶಾಂತಕ್ಕ ಚಪ್ಪಾಳೆ ತಟ್ಟಿದಳು. “ಹಂಗಾದ್ರ ಕೂಸಿಗೆ ಕೂದಲು ದಟ್ಟ ಬರಾಕತ್ಯಾವ. ಹುಟ್ಟಿದ ಕೂಡ್ಲೆ ಜಡಿ ಹಾಕಬಹುದು!”

“ಸದ್ಯ, ಅಜ್ಜನಂಗ ಬೋಳು ಆಗಂಗಿಲ್ಲ ಬಿಡು” ಎಂದು ಗುರುಬಸಮ್ಮ ಇನ್ನೂ ಎರಡು ಮಿರ್ಚಿ ತಟ್ಟೆಗೆ ಹಾಕಿದಳು. ಮಂಡಿಯ ಕಡೆಯಿಂದ ಮರಿಬಸಪ್ಪನವರು ಕೆಮ್ಮಿದ್ದು ಕೇಳಿಸಿತು.

ಒಂದು ಸಂಜೆ ಮಹಾಂತಮ್ಮ ತಟ್ಟೆಯನ್ನು ಕೋಣೆಯೊಳಗೆ ತಂದು, ಗಂಡನ ಮುಂದೆ ಇಟ್ಟು ಅತ್ತುಬಿಟ್ಟಳು.

“ನನ್ನ ಕೈಲೆ ಆಗಂಗಿಲ್ರಿ. ತಿಂದ್ರ ಕೂಸು ಬೇಯ್ತೈತಿ. ತಿನ್ನದಿದ್ರ ಕೂಸಿನ ಕಿವಿ ಸೋರ್ತಾವ. ನಾನು ಏನು ಮಾಡ್ಲಿ?”

ಚಂದ್ರಣ್ಣ ತಟ್ಟೆ ನೋಡಿದ. ಅವನಿಗೆ ಮಿರ್ಚಿ ಎಂದರೆ ಪಂಚಪ್ರಾಣ. ಬಸುರಿಯ ಪಾಲು ಎಂದು ಇಷ್ಟು ದಿನ ಮೂಸಿ ಸುಮ್ಮನಾಗುತ್ತಿದ್ದ. “ಕೂಸಿಗೆ ಅಪ್ಪ ಅನ್ನೋನು ಒಬ್ಬ ಇರ್ತಾನಲ್ಲ” ಎಂದು ಒಂದನ್ನು ಎತ್ತಿಕೊಂಡ. “ಅವನು ತಿಂದ್ರೂ ಲೆಕ್ಕಕ್ಕ ಬರಬೇಕಪ್ಪ.”

ಅಂದಿನಿಂದ ತುಂಬಿದ ತಟ್ಟೆ ಒಳಗೆ ಹೋಗಿ ಖಾಲಿ ತಟ್ಟೆ ಹೊರಗೆ ಬರತೊಡಗಿತು. “ಮಂದಿ ಮುಂದ ನಾಚಿಕಿ ಪಾಪ, ಒಳಗ ಕುಂತು ಹೆಂಗ ತಿಂತಾಳ ನೋಡು” ಎಂದು ಗುರುಬಸಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು.

ಮಿರ್ಚಿ ನಿಂತರೂ ಉರಿ ಪೂರ್ತಿ ನಿಲ್ಲಲಿಲ್ಲ. ಆದರೆ ಹೆದರುವವರಿಗೆ ಒಂದು ಗುಣವಿರುತ್ತದೆ, ಅವರ ಕಣ್ಣಿಗೆ ಏನೂ ತಪ್ಪುವುದಿಲ್ಲ. ಯಾವಾಗ ಉರಿಯುತ್ತದೆ, ಯಾವಾಗ ಇಲ್ಲ ಎಂದು ಮಹಾಂತಮ್ಮ ನೋಡುತ್ತ ಹೋದಳು. ಹೊಟ್ಟೆ ಬಿರಿಯ ಉಂಡ ದಿನ ಉರಿ ಹೆಚ್ಚು. ಅದನ್ನೇ ಎರಡು ಸಲ ಮಾಡಿ ಸ್ವಲ್ಪ ಸ್ವಲ್ಪ ಉಂಡರೆ ಕಡಿಮೆ. ಉಂಡ ಕೂಡಲೇ ಅಡ್ಡಾದರೆ ಹುಳಿನೀರು ಬಾಯಿಗೇ ಬರುತ್ತದೆ. ಅಂಗಳದಲ್ಲಿ ತುಸು ಅಡ್ಡಾಡಿ, ಗೋಡೆಗೆ ಒರಗಿ ಕೂತರೆ ಬರುವುದಿಲ್ಲ. ಪುಂಡಿಪಲ್ಯದ ಹುಳಿ ಆಗದು, ಸಂಜೆಯ ಚಹಾ ಆಗದು. ತೆಳ್ಳನೆಯ ಮಜ್ಜಿಗೆ ಆಗುತ್ತದೆ, ಮೆತ್ತನೆಯ ಜೋಳದ ನುಚ್ಚು ಇನ್ನೂ ಚೆನ್ನಾಗಿ ಆಗುತ್ತದೆ. ಸೀರೆಯ ಗಂಟನ್ನು ಬಿಗಿದು ಕಟ್ಟಿದರೆ ಊಟವೆಲ್ಲ ಮೇಲಕ್ಕೆ ನೂಕಿದಂತಾಗುತ್ತದೆ. ಮಲಗುವಾಗ ಬಲಮಗ್ಗುಲಿಗಿಂತ ಎಡಮಗ್ಗುಲೇ ಹಿತ.

ತಲೆಯ ಕಡೆ ಎತ್ತರವಿದ್ದರೆ ಇನ್ನೂ ಒಳ್ಳೆಯದೆಂದು ತೋರಿ ಗಂಡನಿಗೆ ಹೇಳಿದಳು. ಅವನು ಮಂಡಿಯಿಂದ ಬೀಜ ತೆಗೆದ ಹತ್ತಿ ತಂದು, ಹಳೆಯ ಕೌದಿಯೊಳಗೆ ತುರುಕಿ, ಸೊಂಟದಿಂದ ತಲೆಯವರೆಗೆ ಇಳಿಜಾರಾದ ಒಂದು ಗಾದಿ ಕಟ್ಟಿಕೊಟ್ಟ. ಮೊದಲ ದಿನ ಅವಳು ಅದರ ಮೇಲಿಂದ ಜಾರಿ ಕಾಲ ಕಡೆಗೆ ಬಂದಳು. ಮರುದಿನ ಕೆಳಗೊಂದು ದಿಂಬು ಅಡ್ಡ ಇಟ್ಟ. ಆಮೇಲೆ ಜಾರಲಿಲ್ಲ.

ಉರಿ ದಿನಕ್ಕೊಮ್ಮೆ ಬಂದು ಹೋಗುವ ಪರಿಚಯದ ನೆಂಟನಂತಾಯಿತು. ಕೂಸು ಒದ್ದರೆ ಈಗ ಅದು ಬರೀ ಒದೆತ ಎನಿಸುತ್ತಿತ್ತು. ಆ ಕಿವಿಯ ಮಾತೊಂದು ಮಾತ್ರ ಮನಸ್ಸಿನ ಮೂಲೆಯಲ್ಲಿ ಹಾಗೇ ಕೂತಿತ್ತು.

ಹಾಗಿರುವಾಗ ದೊಡ್ಡ ಕುಬಸ ಹತ್ತಿರ ಬಂತು. ಕೋರ್ಟಿನ ಕೆಲಸಕ್ಕೆ ಬಳ್ಳಾರಿಗೆ ಹೋಗಿದ್ದ ಮಂಡಿಯ ಗುಮಾಸ್ತ ಬಜಾರಪ್ಪ ತಿರುಗಿ ಬಂದು ಅಂಗಳದಲ್ಲಿ ನಿಂತು ವರದಿ ಒಪ್ಪಿಸಿದ.

“ಅಮ್ಮಾರೇ, ಬೀಗರ ಮನ್ಯಾಗ ಎಲ್ಲಾ ರೆಡಿ ಐತ್ರಿ. ವೀರಬಸಮ್ಮನೋರು ನಾಳೆ ರೈಲಿಗೆ ಬರ್ತಾರ. ಮಗಳ ಬಯಕಿ ಮಿರ್ಚಿ ಅಂತ ನೀವು ಹೇಳಿ ಕಳಿಸಿದ್ರಲ್ಲ, ಒಂದು ಪುಟ್ಟಿ ತುಂಬ ಮೆಣಸಿನಕಾಯಿ ತರಿಸ್ಯಾರ. ಇವತ್ತ ಸಂಜಿಗೆ ಎಣ್ಣಿ ಇಟ್ಟು ಕರೀತಾರಂತ. ಕಾಯಿ ನಾನೂ ಒಂದು ಕಚ್ಚಿ ನೋಡಿದೆ. ಚಾಲಾ ಘಾಟು! ಇನ್ನೂ ನಾಲಿಗಿ ಸುಡಾಕತ್ತೈತಿ.”

“ಭೇಷ್!” ಎಂದಳು ಗುರುಬಸಮ್ಮ. “ಐದು ಮಂದಿ ಮುತ್ತೈದೇರು ಕೈಲೆ ತಿನಿಸ್ತಾರ. ಇಡೀ ಊರು ನೋಡ್ಲಿ.”

ಬಾಗಿಲ ಹಿಂದೆ ನಿಂತಿದ್ದ ಮಹಾಂತಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕೋಣೆಯೊಳಗಾದರೆ ಗಂಡ ಇದ್ದಾನೆ. ಕುಬಸದ ಮಣೆಯ ಮೇಲೆ, ಊರ ಹೆಂಗಸರ ನಡುವೆ, ಬಾಯಿಗಿಟ್ಟ ತುತ್ತನ್ನು ಯಾರಿಗೆ ಕೊಡುವುದು? ಉಗುಳಿದರೆ ಅಪಶಕುನ ಎಂದಾರು, ಅತ್ತೆಯ ತಲೆ ತಗ್ಗೀತು. ನುಂಗಿದರೆ ಇಷ್ಟು ದಿನ ಹತೋಟಿಗೆ ತಂದ ಬೆಂಕಿ ಮತ್ತೆ ಏಳುತ್ತದೆ. ಅವ್ವನಿಗೆ ಒಂದು ಮಾತು ಹೇಳಬೇಕು. ಹೇಳುವುದು ಹೇಗೆ? ಕಾಗದ ಬರೆದರೆ ಅದು ತಲುಪುವ ಹೊತ್ತಿಗೆ ಅವ್ವ ಇಲ್ಲಿರುತ್ತಾಳೆ. ಮಂಡಿಯಲ್ಲಿ ಫೋನಿದೆ, ಬಳ್ಳಾರಿಯ ಮನೆಯಲ್ಲೂ ಅಪ್ಪನ ಕೋರ್ಟಿನ ಕೆಲಸಕ್ಕೆಂದು ಹಾಕಿಸಿದ ಫೋನಿದೆ. ಆದರೆ ಹೆಂಗಸರು ಮಂಡಿಗೆ ಕಾಲಿಡುವ ಪದ್ಧತಿಯೇ ಇಲ್ಲ. ಅಲ್ಲಿ ಮಾವನ ಎದುರಿಗೆ, ದಲಾಲರ ನಡುವೆ, ಕೂಗಿ ಕೂಗಿ ತನ್ನ ಬಸಿರಿನ ಮಾತಾಡುವುದೇ? ಅಂಗಳದ ತುದಿಯವರೆಗೆ ಹೋಗುವಳು, ಮಂಡಿಯ ಬಾಗಿಲ ಪರದೆ ಮುಟ್ಟುವಳು, ತಿರುಗಿ ಬರುವಳು.

ಅವಳು ಹೀಗೆ ಒಳಗೂ ಹೊರಗೂ ತಿರುಗುತ್ತಿರುವಾಗಲೇ ಚಂದ್ರಣ್ಣ ಸಿಕ್ಕಿಬಿದ್ದ. ಕಟ್ಟೆಯ ಮೇಲೆ ಕೂತು, ಎದೆ ಒತ್ತಿಕೊಂಡು, ಚೊಂಬಿನ ನೀರನ್ನೆಲ್ಲ ಗಟಗಟ ಕುಡಿದು, ಒಂದು ದೊಡ್ಡ ತೇಗು ತೇಗಿದ.

“ಏನಾತೋ ಚಂದ್ರಾ?” ಎಂದಳು ಗುರುಬಸಮ್ಮ.

“ಎದಿ ಉರಿಯಾಕತ್ತೈತಿ ಯವ್ವಾ.”

“ಆಕಿಗೆ ಉರದ್ರ ಕೂಸಿಗೆ ಕೂದಲು ಬರ್ತಾವ. ನಿನಗ್ಯಾಕ ಉರೀತೈತಿ? ಬಸುರಿ ಆಕಿನೋ ನೀನೋ?” ಎನ್ನುತ್ತ ಹತ್ತಿರ ಬಂದವಳು ಬಗ್ಗಿ ನೋಡಿದಳು. “ಮೀಸಿ ಮ್ಯಾಲೆ ಏನದು?”

ಮೀಸೆಯ ಮೇಲೆ ಮೆಣಸಿನಕಾಯಿಯ ಬೀಜವಿತ್ತು.

ಚಂದ್ರಣ್ಣ ಮೀಸೆ ಒರೆಸಿಕೊಂಡ. ಗುರುಬಸಮ್ಮ ಕೋಣೆಯ ಕಡೆ ನೋಡಿದಳು. ಬಾಗಿಲಲ್ಲಿ ಸೊಸೆ ನಿಂತಿದ್ದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ತಪ್ಪು ನಂದು ಅತ್ತಿ” ಎಂದಳು ಮಹಾಂತಮ್ಮ. “ನನಗ ಮಿರ್ಚಿ ಬಯಕಿ ಇದ್ದೇ ಇಲ್ರಿ. ಅವತ್ತು ಎಲ್ಲಾರೂ ನೋಡಾಕತ್ತಿದ್ರು, ವಾಸನಿ ಬಂತು, ಅಂದುಬಿಟ್ಟೆ. ತಿಂದ್ರ ಉರಿ ತಡಕೊಳ್ಳಾಕ ಆಗ್ತಿದ್ದಿಲ್ಲ. ಅದಕ್ಕ ಇವರು…”

“ಇಷ್ಟು ದಿನ?” ಗುರುಬಸಮ್ಮನ ಜೋರು ದನಿ ಸಣ್ಣದಾಗಿತ್ತು. “ನನ್ನ ಮುಂದ ಒಂದು ಮಾತು ಹೇಳಬಾರದೇನವ್ವ? ನಾನೇನು ಅಷ್ಟು ಕೆಟ್ಟಾಕಿ?”

“ನೀವು ಕೆಟ್ಟಾಕಿ ಆಗಿದ್ರ ಎಂದೋ ಹೇಳಿಬಿಡ್ತಿದ್ದೆ ಅತ್ತಿ. ನೀವು ಅಷ್ಟು ಖುಷಿಲೆ ಬೀಸಣಿಕಿ ಹಿಡಕೊಂಡು ಕುಂದ್ರತಿದ್ರಿ.”

ಗುರುಬಸಮ್ಮ ಮಗನ ಪಕ್ಕ ಕಟ್ಟೆಯ ಮೇಲೆ ಕೂತಳು. ಚಂದ್ರಣ್ಣ ಇನ್ನೊಂದು ತೇಗು ನುಂಗಿಕೊಂಡ. “ನಮ್ಮ ಅತ್ತಿ ಕೊಡಲಾರದ ಅಳಿಸಿದಳು” ಎಂದಳು ಗುರುಬಸಮ್ಮ. “ನಾನು ಕೊಟ್ಟು ಕೊಟ್ಟು ಅಳಿಸಿದೆ. ಭಾರಿ ಸುಧಾರಿಸಿದ ಅತ್ತಿ ನಾನು!” ಎಂದು ತಾನೇ ನಕ್ಕಳು. ಸೊಸೆಯೂ ಕಣ್ಣೀರಿನ ನಡುವೆ ನಕ್ಕಳು.

“ಆದ್ರ ಅತ್ತಿ, ಕೂಸಿನ ಕಿವಿ?”

ಆ ಪ್ರಶ್ನೆಗೆ ಗುರುಬಸಮ್ಮನ ನಗು ನಿಂತಿತು. ಅವಳಿಗೂ ಅದೇ ದಿಗಿಲು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಯೋಚಿಸಿದಳು. ಆಮೇಲೆ ತೊಡೆ ತಟ್ಟಿ ಎದ್ದಳು.

“ಐದು ಮಂದಿ ಮುಂದ ಬಾಯಿಬಿಟ್ಟು ಕೇಳಿದ್ದು. ಅದೇ ಐದು ಮಂದಿ ಮುಂದ ಬಾಯಿಬಿಟ್ಟು ಬ್ಯಾಡ ಅಂದ್ರ ಮುಗೀತು. ಬಯಕಿ ತೀರಿಸೋದು ತವರಿನ ಹಕ್ಕು, ಅದಕ್ಕ ತವರಿಗೂ ನೀನ ಹೇಳಬೇಕು. ನಿನ್ನ ಬಾಯಿಲೆ, ನಿಮ್ಮ ಅವ್ವಗ. ಹಂಗ ಮಾಡಿದ್ರ ಕಿವಿಗೆ ಏನೂ ಆಗಂಗಿಲ್ಲ.”

ಇಂಥ ಪದ್ಧತಿಯೊಂದು ಆದೋನಿಯಲ್ಲಿ ಅಲ್ಲಿಯವರೆಗೆ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗುರುಬಸಮ್ಮ ಹೇಳಿದ ಮೇಲೆ ಇತ್ತು.

“ಅವ್ವ ನಾಳೆ ಬರ್ತಾಳಲ್ಲ ಅತ್ತಿ, ಆಗ ಹೇಳ್ತೀನಿ.”

“ಪುಟ್ಟಿ ತುಂಬ ಮಿರ್ಚಿ ಮನಿಗೆ ಬಂದ ಮ್ಯಾಲೆ ಬ್ಯಾಡ ಅಂದ್ರ ಬೀಗರಿಗೆ ಅವಮಾನ ಅಲ್ಲೇನು? ಎಣ್ಣಿ ಇಡೋದರೊಳಗ ಹೇಳಬೇಕು. ನಡಿ, ಫೋನ್ ಮಾಡು.”

“ಮಂಡ್ಯಾಗ? ಮಾವನೋರು ಅದಾರ…”

“ಅವರೂ ಕೂಸಿನ ಅಜ್ಜನ ಅಲ್ಲೇನು? ಬೋಳಾದ್ರೇನಾತು!”

ಗುರುಬಸಮ್ಮ ಓಣಿಗೆ ನಿಂತು ಒಂದು ಕೂಗು ಹಾಕಿದಳು. ಕಳ್ಳ ಕುಬಸಕ್ಕೆ ಬಂದಿದ್ದ ಐವರೂ ಬಂದರು, ಮುಂದೆ ಶಾಂತಕ್ಕ. ಕರೆಯದಿದ್ದರೂ ಉಚ್ಚಮ್ಮ ಕಡಲೆಹಿಟ್ಟಿನ ಕೈಯಲ್ಲೇ ಬಂದಳು. “ನನ್ನ ಮಿರ್ಚಿ ಮ್ಯಾಲೆ ಏನೋ ತಕರಾರು ಅಂತಲ್ಲ? ಎಲ್ಲಿ ಆ ಫೋನು, ನಾನೂ ಕೇಳ್ತೀನಿ.”

ಹೆಂಗಸರ ಆ ದಂಡು ಪರದೆ ಸರಿಸಿ ಮಂಡಿಯೊಳಗೆ ಬಂದಾಗ ಹತ್ತಿಯ ದರ ಕೂಗುತ್ತಿದ್ದವರ ಬಾಯಿ ಕಟ್ಟಿತು. ಮರಿಬಸಪ್ಪನವರು ಗಾದಿಯಿಂದ ಅರ್ಧ ಎದ್ದರು.

“ಏಳ್ರಿ, ಪೂರ್ತಿ ಏಳ್ರಿ” ಎಂದಳು ಗುರುಬಸಮ್ಮ. “ಸೊಸಿ ತವರಿಗೆ ಮಾತಾಡಬೇಕು.”

ಮರಿಬಸಪ್ಪನವರು ಪೂರ್ತಿ ಎದ್ದರು. ಬಜಾರಪ್ಪ ಫೋನಿನ ಮೇಲಿನ ಮಸ್ಲಿನ್ ಬಟ್ಟೆ ತೆಗೆದು, ಎಕ್ಸ್‌ಚೇಂಜಿಗೆ ಕೂಗಿ, ಬಳ್ಳಾರಿಗೆ ಟ್ರಂಕ್ ಕಾಲ್ ಹೇಳಿದ. ಎಲ್ಲರೂ ಕಾದರು. ಗಂಡಸರು ಹತ್ತಿಯ ಅಂಡಿಗೆಗಳನ್ನು ನೋಡುವವರಂತೆ ಗೋಡೆಯ ಕಡೆ ತಿರುಗಿ ನಿಂತರು. ಗಂಟೆ ಬಾರಿಸಿತು. ಮಹಾಂತಮ್ಮ ಫೋನು ಎತ್ತಿಕೊಂಡಳು.

“ಬಳ್ಳಾರಿ ಲೈನ್‌ಲೋ ಉಂದಮ್ಮಾ, ಮಾತಾಡ್ರಿ” ಎಂದ ಎಕ್ಸ್‌ಚೇಂಜಿನವನು, ತೆಲುಗು ಬೆರೆಸಿ.

“ಅವ್ವಾ…”

“ಯಾರು? ಮಾಂತಾ? ಯಾಕವ್ವ, ಏನಾತು? ಬ್ಯಾನಿ ಬಂದಾವೇನು?” ದೂರದಿಂದ ವೀರಬಸಮ್ಮನ ದನಿ ಹಾರಿ ಬಂತು.

“ಇಲ್ಲವ್ವ, ಎಲ್ಲಾ ಚಲೋ ಐತಿ. ಮಿರ್ಚಿ…”

“ಮಿರ್ಚಿ ಆಗ್ತಾವ, ಅವಸರ ಮಾಡಬ್ಯಾಡ! ಈಗ ಎಣ್ಣಿ ಇಡಾಕತ್ತೀನಿ!”

ಮೆಲ್ಲಗೆ ಹೇಳುವ ಕಾಲ ಮುಗಿದಿತ್ತು. ಮಹಾಂತಮ್ಮ ಕಣ್ಣು ಮುಚ್ಚಿಕೊಂಡು, ಮಾವನವರನ್ನೂ ಮಂಡಿಯನ್ನೂ ಮರೆತು ಕೂಗಿದಳು: “ಇಡಬ್ಯಾಡವ್ವಾ! ನನಗ ಮಿರ್ಚಿ ಬ್ಯಾಡ! ಆ ಬಯಕಿ ನಾನು ವಾಪಸು ತಗೊಂಡೀನಿ! ತಿಂದ್ರ ಎದಿ ಉರೀತೈತಿ!”

“ಕೇಳಿದ್ರೇನ್ರವ್ವಾ?” ಗುರುಬಸಮ್ಮ ಐವರ ಕಡೆ ತಿರುಗಿದಳು. ಐವರೂ ತಲೆಯಾಡಿಸಿದರು. ಉಚ್ಚಮ್ಮ ಮಾತ್ರ, “ಎದಿ ಉರಿ ಅಂತಾಳ, ರುಚಿ ಇಲ್ಲ ಅಂದಿಲ್ಲ” ಎಂದು ಗೊಣಗಿದಳು.

ಆ ಕಡೆ ವೀರಬಸಮ್ಮ ನಿಟ್ಟುಸಿರು ಬಿಟ್ಟಿದ್ದು ತಂತಿಯಲ್ಲಿ ಗಾಳಿ ಬೀಸಿದಂತೆ ಕೇಳಿಸಿತು. “ಅಯ್ಯ ಮಗಳೇ, ಮೊದಲ ಹೇಳಬಾರದೇನು? ಮೊಸರು ಬುತ್ತಿ ತರ್ತೀನಿ ತಗೋ. ಆ ಉರಿಗೆ ಏನು ಮಾಡ್ಕೊಂಡಿ? ಯಾರಾದ್ರೂ ನೋಡ್ಯಾರೇನು? ನಂಗ ಜೀವ ಹಾರತೈತಿ.”

ಅವ್ವ ಹೆದರಿದ್ದು ಕೇಳಿ ಮಹಾಂತಮ್ಮನಿಗೆ ವಿಚಿತ್ರವಾದ ಧೈರ್ಯ ಬಂತು. “ನೀ ಹೆದರಬ್ಯಾಡವ್ವ. ಸ್ವಲ್ಪ ಸ್ವಲ್ಪ ಉಣ್ತೀನಿ. ಉಂಡ ಕೂಡ್ಲೆ ಅಡ್ಡಾಗಂಗಿಲ್ಲ, ತಿರಿಗ್ಯಾಡ್ತೀನಿ. ಹುಳಿ, ಖಾರ, ಚಹಾ ಬಿಟ್ಟೀನಿ. ಇವರು ಇಳಿಜಾರು ಗಾದಿ ಮಾಡ್ಯಾರ, ತಲಿ ಎತ್ತರ ಇಟ್ಟು ಒಂದ ಮಗ್ಗಲಕ್ಕ ಮಲಗ್ತೀನಿ. ಈಗ ಬಾಳ ಕಡಿಮಿ ಐತಿ. ಕೂಸು ಚಂದ ಒದೀತೈತಿ!”

ಗೋಡೆಯ ಕಡೆ ತಿರುಗಿದ್ದ ಗಂಡಸರಲ್ಲಿ ಒಬ್ಬಿಬ್ಬರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಚಂದ್ರಣ್ಣ ಚೊಂಬು ಕೆಳಗಿಟ್ಟು ಅಂಗಳದಲ್ಲಿ ಅಡ್ಡಾಡತೊಡಗಿದ.

ಫೋನಿನಲ್ಲಿ ಕಟಕಟ ಸದ್ದಾಗಿ ಎಕ್ಸ್‌ಚೇಂಜಿನವನು ನಡುವೆ ಬಂದ. ಟೈಮಾಯಿತೆಂದು ಲೈನ್ ಕತ್ತರಿಸುತ್ತಾನೆ ಎಂದುಕೊಂಡು ಮಹಾಂತಮ್ಮ, “ಇಂಕೊಂಚೆಂ ಇರ್ರಿ ಅಣ್ಣಾ, ಇನ್ನೊಂದು ಸ್ವಲ್ಪ!” ಎಂದಳು.

“ಪರವಾಲೇದು, ಮಾತಾಡಮ್ಮಾ” ಎಂದ ಅವನು. ಆಮೇಲೆ ದನಿ ತಗ್ಗಿಸಿ ಕೇಳಿದ, “ಒಂದ ಮಗ್ಗಲಕ್ಕ ಅಂದ್ರಲ್ಲ, ಅದು ಯಾವ ಮಗ್ಗಲಾ ತಾಯಿ? ನಮ್ಮ ಮನ್ಯಾಗೂ ಆರು ತಿಂಗಳು. ಪಾಪ, ನಿದ್ದೀನೇ ಇಲ್ಲ.”

“ಎಡಮಗ್ಗಲಾ ರೀ!” ಎಂದು ಮಹಾಂತಮ್ಮ ಇಡೀ ಮಂಡಿಗೆ ಕೇಳುವಂತೆ ಕೂಗಿದಳು. “ಎಡಮಗ್ಗಲಾ!”